ಗುಡ್ಡ ದಾಟದ ದನಿ

ಶಿರಸಿ,
ಭಾನುವಾರ ಬೆಳಿಗ್ಗೆ

ಚಿರಸಖಿ ಪರಿಮಳೆಗೆ,

ಯಲ್ಲಾಪುರದಿಂದ ನಿನ್ನೆ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ "ಯೋಚಿಸಿ ಹೇಳುತ್ತೇನೆ" ಎಂದೆ. ಅದು ಉತ್ತರವಲ್ಲ, ಉತ್ತರದಿಂದ ತಪ್ಪಿಸಿಕೊಳ್ಳುವ ಉಪಾಯ. ತರಗತಿಯಲ್ಲಿ ಯಾರಾದರೂ ಹಾಗೆಂದಿದ್ದರೆ ಗಂಟೆ ಹೊಡೆಯುವವರೆಗೆ ನಿಲ್ಲಿಸಿರುತ್ತಿದ್ದೆ. ಫೋನಿನಲ್ಲಿ ನನ್ನ ದನಿಯೇ ನನ್ನ ಗುಟ್ಟು ಬಿಟ್ಟುಕೊಡುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಶಿರಸಿಯ ಡ್ರೋನ್ ಸಂಚಾರ ಕೇಂದ್ರದಿಂದ ನಾಲ್ಕು ದಿನದ ಮಟ್ಟಿಗೆಂದು ಯಲ್ಲಾಪುರದ ಕೇಂದ್ರಕ್ಕೆ ಹೋದ ನಿನ್ನನ್ನು ಮಳೆಗಾಲ ಮುಗಿಯುವವರೆಗೆ ಅಲ್ಲಿಯೇ ಉಳಿಸಿಕೊಳ್ಳಬೇಕೆಂದಿದ್ದಾರೆ. ಉಳಿಯುವ ಆಸೆ ನಿನಗೂ ಇದೆ. ನಿನ್ನ ಚಿಂತೆ ನನ್ನ ಊಟದ್ದು. ಅನ್ನ, ತಂಬುಳಿ ಮಾಡಲು ನನಗೆ ಬರುತ್ತದೆ. ನನ್ನ ಕಷ್ಟದ ಹೆಸರು ಅಸೂಯೆ. 'ಬೇಸರ', 'ಕಳವಳ' ಮೊದಲಾದ ಸಭ್ಯ ಪದಗಳನ್ನು ಇಟ್ಟು ನೋಡಿದೆ, ಯಾವುದೂ ಹೊಂದಲಿಲ್ಲ.

ನೀನು ಶಿರಸಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದ ಕಾಲ ನೆನಪಿದೆಯೆ? ಸಿದ್ದಾಪುರದ ಶಾಲೆಯಿಂದ ನಾನು ಹುಬ್ಬಳ್ಳಿಗೆ ಟ್ರಂಕ್ ಕರೆ ಕೇಳುತ್ತಿದ್ದೆ. ಹುಬ್ಬಳ್ಳಿಯಲ್ಲಿ ನನಗೆ ನರಪಿಳ್ಳೆಯೂ ಪರಿಚಯವಿರಲಿಲ್ಲ. "ತಡೀರಿ ಮಾಸ್ತರ್ರೆ, ಲೈನ್ ಕೊಡ್ತೆ" ಎಂಬ ನಿನ್ನ ಮಾತು ಕೇಳಿ, ಅತ್ತಲಿಂದ ಯಾರೋ 'ಹಲೋ' ಎನ್ನುವಷ್ಟರಲ್ಲಿ ಫೋನು ಇಟ್ಟುಬಿಡುತ್ತಿದ್ದೆ. ಒಂದು ದಿನ ನೀನೇ ಕೇಳಿದೆ: "ಮಾಸ್ತರ್ರೆ, ನಿಮಗೆ ಬೇಕಾಗಿದ್ದು ಹುಬ್ಬಳ್ಳಿಯೋ, ಶಿರಸಿಯೋ?" ಆ ದನಿಯನ್ನೇ ನಾನು ಮದುವೆಯಾದದ್ದು.

ಈಗ ಅದು ಆಕಾಶದ ಪಾಲಾಗಿದೆ. ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯಬೇಕು. ಎಲ್ಲ ತೋಟದವರಿಗೂ ಅದೇ ಒಣ ವಾರ ಬೇಕು. ಹಾಗಾಗಿ ಒಂದೇ ಕಣಿವೆಯ ಮೇಲೆ ಡ್ರೋನುಗಳ ಜಾತ್ರೆ. ಅವುಗಳ ನಡುವೆಯೇ ಸಿದ್ದಾಪುರದ ಆಸ್ಪತ್ರೆಗೆ ಔಷಧಿ ಒಯ್ಯುವ ಡ್ರೋನೂ ಹಾಯಬೇಕು. ಪ್ರತಿಯೊಂದೂ ತಾನಿರುವ ಜಾಗವನ್ನು ರೇಡಿಯೋ ತರಂಗದಲ್ಲಿ ಸಾರುತ್ತಲೇ ಇರುತ್ತದೆ, ಗುಡ್ಡದ ಮೇಲಿನ ಗೋಪುರ ಅದನ್ನು ಕೇಂದ್ರಕ್ಕೆ ದಾಟಿಸುತ್ತದೆ, ನಿಮ್ಮ ಪರದೆಯಲ್ಲಿ ಅದು ಚುಕ್ಕೆಯಾಗಿ ಮೂಡುತ್ತದೆ. ಇಷ್ಟನ್ನು ನನಗೆ ಕಲಿಸಿದವಳು ನೀನೇ. ಡ್ರೋನು ಆಳದ ತೋಟಕ್ಕೆ ಇಳಿದರೆ ಗುಡ್ಡ ಅಡ್ಡವಾಗಿ ಚುಕ್ಕೆ ಅಳಿಸಿಹೋಗುತ್ತದೆ. ಆಗ ಉಳಿಯುವುದು ಅತ್ತ ಹಾರಿಸುವವನ ಕೈಯಲ್ಲಿನ ವಾಕಿಟಾಕಿ, ಇತ್ತ ನಿನ್ನ ದನಿ.

ಮನೆಯಲ್ಲಿ ಚಾರ್ಜಿಗಿಟ್ಟ ನಿನ್ನ ಇನ್ನೊಂದು ವಾಕಿಟಾಕಿಯಲ್ಲಿ ನಾನು ದಿನವೂ ಕೇಳುತ್ತಿದ್ದೆ. ಕಳೆದ ವಾರದ್ದನ್ನೂ ಕೇಳಿದೆ. ಹಾವು ಕಚ್ಚಿದವರಿಗೆ ಕೊಡುವ ಮದ್ದು ಹೊತ್ತ ಡ್ರೋನು ಶಿರಸಿ ಬಿಟ್ಟಿತ್ತು. ಅದರ ದಾರಿಯಲ್ಲಿದ್ದ ಕಾನಸೂರಿನ ತೋಟದಲ್ಲಿ ಮದ್ದು ಹೊಡೆಯುತ್ತಿದ್ದ ದಾಸನಕೊಪ್ಪದ ನವೀನನ ಡ್ರೋನಿನ ಚುಕ್ಕೆ ಮಾಯವಾಗಿತ್ತು. "ನವೀನಾ, ಕೆಳಗೆ ಇಳಿಸಿದ್ಯಾ?" ಎಂದೆ ನೀನು. "ಹ್ಞೂಂ" ಎಂದನವ. ನಮ್ಮ ಸೀಮೆಯಲ್ಲಿ ಬಾಯ್ತುಂಬ ಎಲೆಯಡಿಕೆಯ ಕವಳವಿದ್ದವನು ಏನು ಕೇಳಿದರೂ ಹ್ಞೂಂಗುಟ್ಟುತ್ತಾನೆ, ಅದನ್ನು ಯಾರೂ ಅಗೌರವವೆಂದು ಭಾವಿಸುವುದಿಲ್ಲ. ನೀನು ಮಾತ್ರ ಬಿಡಲಿಲ್ಲ. "ಮೊದ್ಲು ಕವಳ ಉಗುಳು ಮಾರಾಯ. ಬಾಯಿ ಬಿಟ್ಟು ಹೇಳದೆ ನಾನು ದಾರಿ ಕೊಡೋದಿಲ್ಲ." ಥೂ ಎಂಬ ಸದ್ದು ಮೂರು ತಾಲ್ಲೂಕಿಗೂ ಕೇಳಿಸಿತು. "ಇಲ್ರೀ ಅಕ್ಕಾರ, ಇನ್ನೂ ಮ್ಯಾಲೈತ್ರಿ! ಈಗ ಇಳಸ್ತೇನ್ರಿ!" ಅಷ್ಟರಲ್ಲಿ ಔಷಧಿಯ ಡ್ರೋನನ್ನು ಗುಡ್ಡದಾಚೆ ನಿಲ್ಲಿಸಿದ್ದ ನಿನ್ನ ಪಕ್ಕದ ಪವನನೆಂಬ ತರುಣ ಇಂಜಿನಿಯರ್ ಹೇಳಿದ: "ಅಕ್ಕಾ, ನಿಂಗೆ ಕಿವಿಯಲ್ಲೇ ಕವಳ ಕಾಣ್ತು ಅಂತಾತು!"

ನೀನು ನಕ್ಕೆ.

ಎರಡು ಡ್ರೋನುಗಳು ಡಿಕ್ಕಿಯಾಗುವುದು ತಪ್ಪಿತೆಂದು ಊರು ಹಿಗ್ಗುತ್ತಿದ್ದರೆ ನಾನು ಆ ನಗುವನ್ನು ತೂಗುತ್ತ ಕುಳಿತಿದ್ದೆ. ಹಾಗೆ ನೀನು ನಕ್ಕದ್ದನ್ನು ನಾನು ಕೇಳಿ ವರ್ಷಗಳಾದವು. ನಾನು ತಿದ್ದಿದರೆ ನೀನು ಸುಮ್ಮನಾಗುತ್ತೀಯೆ. ಅವನು ಕೀಟಲೆ ಮಾಡಿದರೆ ನಗುತ್ತೀಯೆ. ಈಗ ಅವನೂ ಯಲ್ಲಾಪುರಕ್ಕೇ ಬಂದಿದ್ದಾನಂತೆ. ಇದನ್ನು ನೀನು ಹೇಳಲಿಲ್ಲ. ನಾನು ಹಾಲು ತರಲು ಹೋದಾಗ ಇಲ್ಲಿಯ ಕೇಂದ್ರದ ಹುಡುಗ ದರ್ಶನ ಹೇಳಿದ.

ಅಲ್ಲಿಯ ಗೋಪುರದ ಮಾತು ಗುಡ್ಡಸಾಲನ್ನು ದಾಟಿ ಇಲ್ಲಿಗೆ ಬರುವುದಿಲ್ಲ. ಇಲ್ಲಿಯ ಕೇಂದ್ರದಲ್ಲಿ ನಿನ್ನ ಕುರ್ಚಿಯಲ್ಲಿ ಈಗ ನಮಿತಾ ಎಂಬವಳು ಮಾತಾಡುತ್ತಾಳೆ. ಉಚ್ಚಾರ ಶುದ್ಧವಾಗಿದೆ, ನಿಯಮ ತಪ್ಪುವುದಿಲ್ಲ. ಎರಡು ನಿಮಿಷ ಕೇಳಿ ಆರಿಸಿಬಿಟ್ಟೆ.

"ಬೇಡ, ಬಂದುಬಿಡು" ಎಂದೇ ಬರೆಯಲು ಕುಳಿತದ್ದು. ಆದರೆ ಅಂದು ಆ ಮದ್ದು ತಲುಪಿದ್ದು ಸಿದ್ದಾಪುರದ ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತ ಮಂಜಿಗೆ ಎಂದು ಆಮೇಲೆ ತಿಳಿಯಿತು. ಸೊಪ್ಪು ಕೊಯ್ಯುವಾಗ ಹಾವು ಕಚ್ಚಿತ್ತಂತೆ. ಈಗ ಎದ್ದು ಓಡಾಡುತ್ತಿದ್ದಾಳೆ. ಯಲ್ಲಾಪುರದ ಕಣಿವೆಗಳು ಕಾನಸೂರಿನವಕ್ಕಿಂತ ಆಳ. ಅಲ್ಲಿ ಕೂಡ ಯಾವುದೋ ತೋಟದಲ್ಲಿ ಯಾರೋ ಹ್ಞೂಂಗುಟ್ಟುತ್ತಿರುತ್ತಾರೆ. ನನಗೆ ಬೇಕೆಂದು ನಿನ್ನನ್ನು ಅಲ್ಲಿಂದ ಎಬ್ಬಿಸಿದರೆ, ಆಮೇಲೆ ನನ್ನೆದುರು ನೀನು ಆಡುವ ಯಾವ ಮಾತೂ ನನಗೆ ಸಿಹಿಯಾಗದು.

ಆದ್ದರಿಂದ ಉಳಿ. ಇದು ಅನುಮತಿಯಲ್ಲ, ಅನುಮತಿ ಕೊಡಲು ನಾನು ಯಾರು?

ನಾಳಿದ್ದಿನ ಬಸ್ಸಿಗೆ ನಾನೇ ಅಲ್ಲಿಗೆ ಬರುತ್ತಿದ್ದೇನೆ. ಕೇಂದ್ರದೊಳಗೆ ಕಾಲಿಡುವುದಿಲ್ಲ, ಹೊರಗಿನವರಿಗೆ ಪ್ರವೇಶವಿಲ್ಲವೆಂಬ ನಿಯಮ ಸರಿಯಾದದ್ದೇ. ನಿನಗೆ ಕೊಟ್ಟ ಕೋಣೆಯಲ್ಲಿ ಕುಳಿತು ವಾಕಿಟಾಕಿಯಲ್ಲಿ ಕೇಳಿಸಿಕೊಳ್ಳುತ್ತೇನೆ. ಪವನನಿಗೆ ತಿಳಿಸು, ಹಗಲು ಅವನದು, ಬೇಕಾದಷ್ಟು ನಗಿಸಲಿ. ಕೊನೆಯ ಡ್ರೋನು ನೆಲ ಮುಟ್ಟಿದ ಮೇಲೆ ನೀನು ಯಾರಿಗೂ ಅಕ್ಕನಲ್ಲ.

ನೀನು ದಾರಿ ಕೊಟ್ಟವೆಲ್ಲ ಕ್ಷೇಮವಾಗಿ ಇಳಿಯಲಿ, ನಿನ್ನ ದನಿ ಎಲ್ಲಿಯೂ ತುಂಡಾಗದಿರಲಿ ಎಂದು ಹರಸುವ,

ನಿನ್ನ ಹೊಟ್ಟೆಕಿಚ್ಚಿನ ಮಾಸ್ತರ,
ಸೀತಾರಾಮ