ಹಗ್ಗಕ್ಕಾಗಿ ಚಾಚಿದ ಕೈ

ವಾಹನ ಪರವಾನಗಿ ಕೊಡುವ ಮತ್ತು ಕಸಿದುಕೊಳ್ಳುವ ಮಾನ್ಯ ಅಧಿಕಾರಿಗಳೇ,

ನನ್ನ ಡ್ರೈವರ್ ಮಸ್ತಾನಸಾಬನ ಲೈಸೆನ್ಸನ್ನು ತಾವು ಕಿತ್ತುಕೊಂಡು ಇಂದಿಗೆ ನಲವತ್ತೊಂದು ದಿನ. ಆತ ತಮ್ಮ ಮುಂದೆ ಕೈಚಾಚಿ ಬಕ್ಷೀಸು ಕೇಳಿದ ಎಂಬುದು ತಮ್ಮ ಆರೋಪ. ಕೈಚಾಚಿದ್ದು ನಿಜ, ಬಕ್ಷೀಸು ಕೇಳಿದ್ದು ಸುಳ್ಳು. ಇದನ್ನೇ ಮೂರು ಅರ್ಜಿಗಳಲ್ಲಿ ಬರೆದೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂತು. ಆದ್ದರಿಂದ ಈಗ ಊರೇ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ಕೂತಲ್ಲಿ ಕೂರಲಾಗದೆ, ಎರಡು ಸಾಲಿಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬರುತ್ತ ಬರೆದದ್ದು. ಮಾತು ಹಿಂದುಮುಂದಾದರೆ ಸಹಿಸಿಕೊಳ್ಳಿ.

ಅಂಗಳದಲ್ಲಿ ನನ್ನ ದೊಡ್ಡ ವ್ಯಾಗನ್ ಜೀಪು ನಿಂತಿದೆ. ಎಂಟು ಜನರನ್ನು ಕೂರಿಸಿಕೊಂಡು, ಹಿಂದೆ ಹತ್ತಿಕಾಳಿನ ಟ್ರೇಲರ್ ಕಟ್ಟಿಕೊಂಡು ಆನಗೋಡಿಗೆ ಹೋಗಿಬರುತ್ತಿದ್ದ ಗಾಡಿ. ನನಗೆ ಗಾಡಿ ಬಿಡಲು ಬರುವುದಿಲ್ಲ. ಹನ್ನೊಂದು ವರ್ಷದಿಂದ ಬಿಡುವವನೂ ಅವನೇ, ತೊಳೆಯುವವನೂ ಅವನೇ. ಲೈಸೆನ್ಸ್ ಹೋದ ಮೇಲೂ ಬೆಳಿಗ್ಗೆ ಆರಕ್ಕೆ ಬರುತ್ತಾನೆ. ರೇಡಿಯೇಟರಿಗೆ ನೀರು ನೋಡುತ್ತಾನೆ, ಆಯಿಲ್ ನೋಡುತ್ತಾನೆ, ಅಡಿಗೆ ಮಲಗಿ ಸ್ಪ್ರಿಂಗ್ ಪಟ್ಟಿಗೆ ಗ್ರೀಸ್ ಹಚ್ಚುತ್ತಾನೆ. ನನ್ನ ಪೂಜೆಯಲ್ಲಿ ಉಳಿದ ವಿಭೂತಿಯ ಪುಡಿಯನ್ನು ನನ್ನ ಹೆಂಡತಿ ಬಸವಣ್ಣೆಮ್ಮನಿಂದ ಕೇಳಿ ಪಡೆದು ಗಾಡಿಯ ಮುಂದಿನ ದೀಪಗಳ ಸುತ್ತಲಿನ ಬಳೆಗಳನ್ನು ಫಳಫಳ ಉಜ್ಜುತ್ತಾನೆ. ಆಮೇಲೆ ಎಂಜಿನ್ ಚಾಲೂ ಮಾಡಿ ಐದು ನಿಮಿಷ ಕೇಳಿಸಿಕೊಂಡು ಬಂದ್ ಮಾಡುತ್ತಾನೆ. ಒಂದು ಮಾರು ಮುಂದಕ್ಕೂ ಬಿಡುವುದಿಲ್ಲ. ಕಾನೂನಿಗೆ ಇಷ್ಟು ಹೆದರುವ ಮನುಷ್ಯ ತಮ್ಮಂಥವರ ಹತ್ತಿರ ದುಡ್ಡು ಕೇಳುತ್ತಾನೆಯೇ, ಸ್ವಾಮಿ?

ಭಾದ್ರಪದದ ಮಳೆಯ ಆ ಸಂಜೆ ತಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಭಾನುವಳ್ಳಿಯ ಚಾನಲ್ ದಾರಿಯಲ್ಲಿ ತಮ್ಮ ಸರ್ಕಾರಿ ಜೀಪು ಎಂಜಿನ್ ಕೆಟ್ಟು ಕೆಸರಿನಲ್ಲಿ ಕೂತಿತ್ತು. ತಾವು ಬೂಟು ಕೈಯಲ್ಲಿ ಹಿಡಿದು ಏರಿಯ ಮೇಲೆ ನಿಂತಿದ್ದಿರಿ.

“ಸಾವ್ಕಾರ್ರೇ, ಯಾರೋ ಸಿಕ್ಕಾಕ್ಕಂಡಾರೆ. ಎಳ್ಕಂಡು ಹೋಗಾನ” ಎಂದ ಮಸ್ತಾನ.

“ಹೊತ್ತಾಗೈತಲ್ಲೋ” ಎಂದೆ ನಾನು.

“ನಾಳೆ ನಮ್ದೂ ನಿಂತ್ರೆ?” ಎಂದು ಆಗಲೇ ಹಗ್ಗ ಹಿಡಿದು ಇಳಿದಿದ್ದ. ಪುಂಡಿನಾರಿನ ಆ ದಪ್ಪ ಹಗ್ಗ ಅವನ ಹೆಂಡತಿ ಸುಗ್ರಾಬಿ ಹೊಸೆದದ್ದು. ಕೆಸರಿನಲ್ಲಿ ಮಂಡಿಯೂರಿ ಕಟ್ಟಿ, ಹರಿಹರದ ಗ್ಯಾರೇಜಿನ ತನಕ ಒಂದು ಜಗ್ಗೂ ಬಾರದಂತೆ ತಮ್ಮನ್ನು ಎಳೆದು ತಂದ.

ಈ ದಾರಿಯ ಡ್ರೈವರುಗಳಲ್ಲಿ ಒಂದು ಪದ್ಧತಿ ಇದೆ. ನಿಂತ ಗಾಡಿಯನ್ನು ಎಳೆದು ತಂದವನು ದುಡ್ಡು ಮುಟ್ಟುವುದಿಲ್ಲ. ಎಳೆಸಿಕೊಂಡವನು ಹಗ್ಗ ಬಿಚ್ಚಿ, ಸುರುಳಿ ಸುತ್ತಿ, ಅವನ ಕೈಗೆ ಇಡಬೇಕು. ನೆಲಕ್ಕೆ ಹಾಕುವಂತಿಲ್ಲ. ಅಷ್ಟಾದರೆ ಉಪಕಾರ ತೀರಿತು. ಲಾರಿಯವನಿರಲಿ, ಮಿಲ್ಲಿನ ಧಣಿಯಿರಲಿ, ಎಲ್ಲರೂ ಹೀಗೇ ಮಾಡುತ್ತಾರೆ. ಆ ಪ್ರಕಾರ ಮಸ್ತಾನ, ಗ್ಯಾರೇಜಿನ ಜನರೆಲ್ಲ ನೋಡುತ್ತಿರಲು, ತಮ್ಮ ಮುಂದೆ ಬಂದು ನಿಂತು ಕೈಚಾಚಿದ.

“ಏನಿದು? ಕೈ ಯಾಕೆ ಚಾಚ್ತೀಯ?” ಎಂದಿರಿ ತಾವು.

“ಕೊಡ್ರಿ ಸಾಹೇಬ್ರೇ, ಎಲ್ರೂ ಕೊಡ್ತಾರ” ಎಂದ ಆ ಪುಣ್ಯಾತ್ಮ!

ತಮ್ಮ ಮುಖ ಕೆಂಪಾಯಿತು. ಲೈಸೆನ್ಸ್ ತೆಗೆಸಿದಿರಿ, ಜೇಬಿಗೆ ಹಾಕಿಕೊಂಡಿರಿ, ಹಗ್ಗವನ್ನೂ ಸಾಕ್ಷಿಗೆಂದು ತಮ್ಮ ಜೊತೆಗಿದ್ದ ಜವಾನನ ಕೈಯಲ್ಲಿ ಬಿಚ್ಚಿಸಿ ಎತ್ತಿಸಿದಿರಿ. ಚಾಚಿದ ಕೈ ಕಂಡರೆ ತಮಗೆ ಒಂದೇ ಅರ್ಥ ಹೊಳೆಯುತ್ತದಲ್ಲ, ಅದನ್ನು ತಾವು ಎಲ್ಲಿ ಕಲಿತಿರಿ ಎಂದು ನಾನು ಕೇಳುವುದಿಲ್ಲ.

ಕೇಳಬೇಕಾದದ್ದು ನನ್ನನ್ನೇ. ನಾನು ಮುಂದಿನ ಸೀಟಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದೆ. ನೋಡಿ ನಕ್ಕೆ! ಸಾಹೇಬರಿಗೆ ಪದ್ಧತಿ ಗೊತ್ತಿಲ್ಲ, ಈಗ ಮಸ್ತಾನ ಹೇಳುತ್ತಾನೆ, ಎಲ್ಲರೂ ನಗುತ್ತಾರೆ ಎಂದುಕೊಂಡೆ. ಆದರೆ ಅವನು ಲೈಸೆನ್ಸ್ ಕೊಟ್ಟು ತಲೆ ತಗ್ಗಿಸಿಬಿಟ್ಟ. ನಾನು ಚಪ್ಪಲಿ ಹುಡುಕಿ ಇಳಿಯುವಷ್ಟರಲ್ಲಿ ತಾವು ಜಟಕಾ ಹತ್ತಿ ಹೊರಟು ಹೋಗಿದ್ದಿರಿ. ಒಂದು ಮಾತು ಕೂಗಿ ಹೇಳಿದ್ದರೆ ಮುಗಿಯುತ್ತಿತ್ತು. ಆ ನಗು ನನ್ನನ್ನು ಕೂರಲು ಬಿಡುತ್ತಿಲ್ಲ.

ತಮ್ಮ ಗುಮಾಸ್ತರು ನನಗೆ ಬುದ್ಧಿ ಹೇಳಿದರು: “ಬ್ಯಾರೆ ಡ್ರೈವರ್‌ನ ಇಟ್ಕಳ್ರಿ, ಊರಾಗೆ ಏನು ಬರ ಐತಾ?” ಇಟ್ಟುಕೊಳ್ಳಬಹುದು. ಆದರೆ ಬಜಾರಿನಲ್ಲಿ ‘ಕೈಚಾಚಿದ ಸಾಬ’ ಎನ್ನಿಸಿಕೊಂಡವನಿಗೆ ಹೊಸ ಹೆಸರನ್ನು ಯಾರು ಕೊಡುತ್ತಾರೆ? ಮೊನ್ನೆ ಬೆಳಿಗ್ಗೆ ಬಸವಣ್ಣೆಮ್ಮ ಎಂದಿನಂತೆ ಅವನಿಗೆ ಚಹಾ ಕೊಡಲು ಹೋದಳು. ಹನ್ನೊಂದು ವರ್ಷ ಕೈಯಿಂದ ಕೈಗೆ ತೆಗೆದುಕೊಂಡವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

“ಕಟ್ಟೆ ಮ್ಯಾಲಿಡ್ರಿ ಅಮ್ಮಾರೇ, ತಗಂತೀನಿ.”

ಅವಳು ಒಳಗೆ ಬಂದು ಅತ್ತಳು. “ಆವತ್ತು ನಕ್ಕಂತ ಕುಂತಿದ್ರಲ್ಲ, ಈಗಾದ್ರೂ ಬಾಯಿಬಿಡ್ರಿ” ಎಂದು ನನ್ನ ಮೇಲೆ ಹರಿಹಾಯ್ದಳು. ಬಾಯಿಬಿಟ್ಟಿದ್ದೇನೆ, ಮಾನ್ಯರೇ.

ಲೈಸೆನ್ಸನ್ನು ತಾವು ಅಂಚೆಯಲ್ಲಿ ಕಳಿಸಿದರೂ ನಡೆಯುತ್ತದೆ. ಕ್ಷಮೆಯ ಕಾಗದ ನಮಗೆ ಬೇಡ. ಆದರೆ ಹಗ್ಗವನ್ನು ಅಂಚೆಯಲ್ಲಿ ಕಳಿಸಬೇಡಿ, ಜವಾನನ ಕೈಯಲ್ಲೂ ಕಳಿಸಬೇಡಿ. ಅದೇ ಗ್ಯಾರೇಜಿನ ಮುಂದೆ, ಅದೇ ಜನರ ಎದುರು, ತಾವೇ ಸುರುಳಿ ಸುತ್ತಿ ಮಸ್ತಾನಸಾಬನಿಗೆ ಕೊಡಬೇಕು. ಅವನು ತಕ್ಷಣ ಕೈ ಮುಂದೆ ಮಾಡಲಿಕ್ಕಿಲ್ಲ. ದಯವಿಟ್ಟು ಹಗ್ಗವನ್ನು ನೆಲಕ್ಕೆ ಇಡದೆ, ಅವನು ಕೈಚಾಚುವ ತನಕ ನಿಂತು ಕಾಯಿರಿ.

ಇಂತಿ,
ನಗಬಾರದ ಹೊತ್ತಿನಲ್ಲಿ ನಕ್ಕ,
ನಿಂತ ಗಾಡಿಯ ಮಾಲೀಕ ಬಕ್ಕೇಶಪ್ಪ
ಪಿ.ಜೆ. ಬಡಾವಣೆ, ದಾವಣಗೆರೆ
ಅಕ್ಟೋಬರ್ ೧೯೬೪