ದಿನಾ ಕಟ್ಟುವ ವಾಚು

ಸೆಪ್ಟೆಂಬರ್ 9, ಸೋಮವಾರ

ಇವತ್ತು ಹನ್ನೊಂದು ವಾಚುಗಳ ವೇಗ ಸರಿಮಾಡಿದೆ. ಒಂದು ಮಾತ್ರ ಹಟಮಾರಿ, ದಿನಕ್ಕೆ ಆರು ಸೆಕೆಂಡು ಮುಂದೆ ಓಡುತ್ತದೆ. ನಾಳೆ ವಿಚಾರಿಸಿಕೊಳ್ಳುತ್ತೇನೆ ಅದನ್ನು.

ಮಧ್ಯಾಹ್ನ ಮೇಲ್ವಿಚಾರಕಿ ಮದಾಮ್ ಕ್ಲೋಸೆ ಕರೆದರು. ನಾನು ಕಾರ್ಖಾನೆ ಸೇರಿ ಮೂವತ್ತೈದು ವರ್ಷ ಆಯಿತಂತೆ. ಪದ್ಧತಿಯ ಪ್ರಕಾರ ಒಂದು ವಾಚು ಉಡುಗೊರೆ, ಆಯ್ಕೆ ನನ್ನದೇ. "ಅವಸರ ಇಲ್ಲ, ಕ್ಯಾಟಲಾಗ್ ಮನೆಗೆ ತಗೊಂಡ್ಹೋಗಿ" ಎಂದರು. ನನಗೆ ಕ್ಯಾಟಲಾಗ್! ಅದರಲ್ಲಿರುವ ಒಂದೊಂದರ ಹೊಟ್ಟೆಯನ್ನೂ ಬಿಚ್ಚಿ ನೋಡಿದವಳು ನಾನು.

ನನಗಂತೂ ಬೇಡ. ನಮ್ಮ ಕೆಲಸದವರದು ಬರಿಗೈ. ಕೈಯಲ್ಲಿ ವಾಚಿದ್ದರೆ ಮೇಜಿನ ಮೇಲಿರುವ ವಾಚಿಗೆ ಗೀರು ಬೀಳುತ್ತದೆ. ಗಾಸ್ಪಾರನಿಗೆ ಕೊಡುತ್ತೇನೆ. ನನ್ನ ಗಂಡ, ಲ ಸಾಂತಿಯೆ ಊರಿನ ಅಂಚೆಯವ, ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿದ ಪ್ಲಾಸ್ಟಿಕ್ ವಾಚು ಕಟ್ಟಿಕೊಂಡು ಮನೆಮನೆ ತಿರುಗುತ್ತಾನೆ. ಊರಿಗೆ ಊರೇ ವಾಚು ಮಾಡುವ ಈ ಕಣಿವೆಯಲ್ಲಿ ಹುಟ್ಟಿ! ನನಗೆ ನಾಚಿಕೆ.

ಸೆಪ್ಟೆಂಬರ್ 11

ಚಿನ್ನದ ವಾಚು, ನಿನಗೇ ಎಂದು ಊಟಕ್ಕೆ ಕೂತಾಗ ಹೇಳಿದೆ.

"ಚಿನ್ನದ್ದಾ? ಕಾಗದ ಹಂಚೋನಿಗಾ? ನಾಯಿಗಳೂ ನಗ್ತಾವೆ ಕಣೇ."

"ನಗ್ಲಿ. ಬೊಗಳೋದಾದ್ರೂ ನಿಲ್ಲಿಸ್ತಾವೆ."

"ಮದುವೆಗೋ ನಾಮಕರಣಕ್ಕೋ ಕಟ್ಕೋತೀನಿ ಬಿಡು."

"ಇಲ್ಲ. ದಿನಾ ಕಟ್ಕೋಬೇಕು. ಮಳೆಗೂ ಅದೇ, ಹಿಮಕ್ಕೂ ಅದೇ."

ಇದರಲ್ಲಿ ನಾನು ಬಗ್ಗುವವಳಲ್ಲ. ಈ ಕಣಿವೆಯಲ್ಲಿ ಒಳ್ಳೆಯ ವಾಚುಗಳೆಲ್ಲ ಡ್ರಾಯರಿನಲ್ಲೇ ಮುದಿಯಾಗುತ್ತವೆ. ನಮ್ಮಪ್ಪನ ವಾಚು ಅವನನ್ನು ಹೂಳುವ ದಿನ ಹೊರಗೆ ಬಂದಿತ್ತು. ಅಣ್ಣನ ಕೈಯಲ್ಲಿ.

ಸೆಪ್ಟೆಂಬರ್ 14, ಶನಿವಾರ

ಆರಿಸಲು ಇಬ್ಬರೂ ಹೋದೆವು. ನನ್ನ ಕಣ್ಣು ಮೊದಲಿನಿಂದಲೂ ಒಂದರ ಮೇಲೆಯೇ— ತೆಳ್ಳಗಿನದು, ಎರಡೇ ಮುಳ್ಳು, ದಿನಾ ಬೆಳಿಗ್ಗೆ ಕೀ ಕೊಡಬೇಕು. ನಮ್ಮವರು ಮಾಡುವುದರಲ್ಲಿ ಅದಕ್ಕಿಂತ ಚೆಂದದ್ದಿಲ್ಲ. ಗಾಸ್ಪಾರ್ ಅದರ ಪಕ್ಕದ ಕೀ ಗುಂಡಿ ಹಿಡಿದು ತಿರುಗಿಸಲು ನೋಡಿದ. ಜಾರಿತು. ಇನ್ನೊಮ್ಮೆ ಹಿಡಿದ, ಮತ್ತೆ ಜಾರಿತು.

"ನನ್ನ ಬೆರಳು ನೋಡು, ಸಾಸೇಜು. ಈ ಸಾಸಿವೆ ಕಾಳು ತಿರುಗಿಸ್ತಾ ಕೂತ್ರೆ ಊರಿಗೆ ಟಪಾಲು ತಲುಪಿದ ಹಾಗೇ. ಆಟೊಮ್ಯಾಟಿಕ್ ಕೊಡ್ಸು."

"ಸೋಮಾರಿ."

"ಹೂಂ, ಸೋಮಾರಿ."

ಸೋತೆ. ಆಟೊಮ್ಯಾಟಿಕ್ ಎಂದರೆ ಕೈ ಆಡಿದಂತೆಲ್ಲ ಒಳಗಿನ ಬಿಲ್ಲೆ ತಿರುಗಿ ತಾನೇ ಕೀ ಕೊಟ್ಟುಕೊಳ್ಳುವುದು. ಯೋಚಿಸಿದರೆ ಸರಿಯೇ. ಅಂಚೆಯವನ ಕೈ ಒಂದು ಗಳಿಗೆ ಸುಮ್ಮನಿರುತ್ತದೆಯೇ? ಜಾಕೆಟ್ಟಿನ ತೋಳಿನೊಳಗೆ ನುಸುಳುವಷ್ಟು ತೆಳುವಾದದ್ದನ್ನೇ ಹುಡುಕಿದೆ. ತೂತಿಗೆ ಸಿಕ್ಕಿಸುವ ಪಟ್ಟಿ ಬೇಡವಂತೆ, ಮಡಚಿ ಒತ್ತುವ ಕೊಂಡಿಯೇ ಬೇಕಂತೆ. ಅದನ್ನೂ ಒಪ್ಪಿದೆ. ಚಿನ್ನ ಮಾತ್ರ ಬಿಡಲಿಲ್ಲ.

ಸೆಪ್ಟೆಂಬರ್ 23

ವಾಚು ಬಂತು. ಕೊನೆಯ ಹೊಂದಾಣಿಕೆ ನಾನೇ ಮಾಡಿದ್ದು, ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ.

ಬೆಳಿಗ್ಗೆ ಗಾಸ್ಪಾರ್ ಎಡಗೈ ಮುಂದೆ ಚಾಚಿ ನಿಂತ. "ನೀನೇ ಕಟ್ಟು."

ಕಟ್ಟಿದೆ. ದಿನಾ ನಾನೇ ಕಟ್ಟಬೇಕಂತೆ! ಐವತ್ತೊಂಬತ್ತು ವರ್ಷದವಳಿಗೆ ಮುಖ ಕೆಂಪಾಯಿತು. ಯಾರಿಗೂ ಹೇಳುವ ಹಾಗಿಲ್ಲ.

ಅಕ್ಟೋಬರ್ 6, ಭಾನುವಾರ

ವಾಚು ನಿಂತಿದೆ. ಎರಡು ವಾರವೂ ತುಂಬಿಲ್ಲ!

ಅಕ್ಟೋಬರ್ 13, ಭಾನುವಾರ

ಮತ್ತೆ. ಬೆಳಿಗ್ಗೆ ಹನ್ನೊಂದೂವರೆಗೆ. ವಾರವೆಲ್ಲ ಸರಿಯಾಗಿ ನಡೆದದ್ದು ಭಾನುವಾರ ಚರ್ಚಿಗೆ ಹೋದ ಹಾಗೆ ನಿಲ್ಲುತ್ತದೆ. ಅವನು ಕೆಲಸ ಮುಗಿಸಿ ಬಂದ ಶುಕ್ರವಾರ ಸಂಜೆಯಿಂದ ಲೆಕ್ಕ ಹಾಕಿದೆ, ನಲವತ್ತೆರಡು ಗಂಟೆ. ಕೈಯಿಂದ ಬಿಚ್ಚಿ ಡ್ರಾಯರಿನಲ್ಲಿಟ್ಟರೆ ಎಷ್ಟು ಹೊತ್ತು ನಡೆಯುತ್ತದೋ ಸರಿಯಾಗಿ ಅಷ್ಟೇ.

"ನಾನು ಆ ಕಡೆ ಹೋದ ತಕ್ಷಣ ಬಿಚ್ಚಿಡ್ತೀಯ, ಅಲ್ವಾ?"

"ಹೌದು, ಬಿಚ್ಚಿಟ್ಟಿದ್ದೆ."

ಸುಳ್ಳು. ನಿನ್ನೆಯಿಡೀ ಅವನ ಕೈಯಲ್ಲಿತ್ತು, ನಾನೇ ನೋಡಿದ್ದೇನೆ. ನನ್ನ ಕೆಲಸದಲ್ಲಿ ತಪ್ಪಿದೆಯೆಂದು ನಾನು ನೊಂದುಕೊಳ್ಳಬಾರದೆಂದು ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಾನೆ. ಅದು ಇನ್ನೂ ಉರಿ. ನಾಳೆ ಬಿಚ್ಚುತ್ತೇನೆ.

ಅಕ್ಟೋಬರ್ 16

ಬಿಚ್ಚಿದೆ. ಬಿಲ್ಲೆ ಸಲೀಸಾಗಿ ತಿರುಗುತ್ತದೆ. ಸ್ಪ್ರಿಂಗು ಸರಿ, ಹಲ್ಲುಗಳು ಸರಿ. ಎಣ್ಣೆ ಒರೆಸಿ ಹೊಸದು ಹಾಕಿದೆ.

ಅಕ್ಟೋಬರ್ 20, ಭಾನುವಾರ

ನಿಂತಿತು. ಸರೋವರದ ದಂಡೆಯಲ್ಲಿ ನಡೆಯುತ್ತಿದ್ದೆವು, ಅವನ ಎಡಗೈ ಜೇಬಿನಲ್ಲಿ.

"ಕೈ ಹೊರಗೆ ತೆಗಿಯೋ, ದೊರೆಮಗನೇ. ಜನಕ್ಕೆ ವಾಚು ಕಾಣ್ಲಿ."

"ಚಳಿ ಕಣೇ."

ಚಳಿಯಂತೆ. ಜನವರಿಯಲ್ಲೂ ಕೈಗವಸು ಹಾಕದ ಗಂಡಸು.

ನವೆಂಬರ್ 3, ಭಾನುವಾರ

ಇಲ್ಲಿಗೆ ಮೂರು ಸಲ ಬಿಚ್ಚಿ ಕೂಡಿಸಿದ್ದಾಯಿತು. ಕಾರ್ಖಾನೆಯ ಯಂತ್ರದ ಮೇಲೆ ನಾಲ್ಕು ದಿನ ತಿರುಗಿಸಿದೆ, ಚಾಚೂ ತಪ್ಪಲಿಲ್ಲ. ಮದಾಮ್ ಕ್ಲೋಸೆ ತಾವೇ ಮೂರು ದಿನ ಕಟ್ಟಿಕೊಂಡು ನೋಡಿದರು. "ಎಡ್ಮೆ, ವಾಚಲ್ಲಿ ಏನೂ ದೋಷ ಇಲ್ಲ" ಎಂದರು. ಇದೆ. ನನಗೆ ಸಿಕ್ಕಿಲ್ಲ ಅಷ್ಟೆ. ಇವತ್ತೂ ನಿಂತಿದೆ. ಕಣ್ಣು ಮಂದವಾಗುತ್ತಿದೆಯೋ ಏನೋ. ಮೂವತ್ತೈದು ವರ್ಷದಲ್ಲಿ ಹೀಗೆ ಸೋತದ್ದು ಇದೇ ಮೊದಲು. ಗಾಸ್ಪಾರ್ ಸಮಾಧಾನ ಮಾಡಲು ಬಂದ. ಹತ್ತಿರ ಸೇರಿಸಲಿಲ್ಲ.

ನವೆಂಬರ್ 14, ಗುರುವಾರ. ಮಧ್ಯಾಹ್ನ

ಕೋಟನ್ನೂ ಬಿಚ್ಚಿಲ್ಲ. ಬರೆಯಬೇಕು.

ರಜೆ ಹಾಕಿದ್ದೆ. ಬೇಕರಿಗೆ ಹೋದೆ. ನನ್ನ ಮುಂದೆ ಲುಸಿಯೆನ್, ಗಾಸ್ಪಾರನ ಜೊತೆಗೆ ಟಪಾಲು ಹಂಚುವವ, ನಮ್ಮ ಜೊತೆಗೇ ಶಾಲೆಗೆ ಹೋದವ. ಬ್ರೆಡ್ಡಿಗೆ ಕೈ ಚಾಚಿದ. ತೋಳು ಮೇಲೆ ಸರಿಯಿತು. ನನ್ನ ವಾಚು!

"ಕದ್ಯಾ? ಜೂಜಲ್ಲಿ ಗೆದ್ಯಾ?"

"ಮೆತ್ತಗೆ ಎಡ್ಮೆ, ಜನ ನೋಡ್ತಾರೆ."

"ನೋಡ್ಲಿ!"

ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ. "ಅವನೇ ಕೊಡ್ತಾನೆ. ಬೆಳಿಗ್ಗೆ ಆಫೀಸಿಗೆ ಬಂದ ತಕ್ಷಣ ಬಿಚ್ಚಿ ಕೊಡ್ತಾನೆ, ಸಂಜೆ ನಾನೇ ಅವನ ಕೈಗೆ ಕಟ್ಟಿ ಕಳಿಸ್ತೀನಿ. ನನ್ನ ಕೈ ಆಡುತ್ತಲ್ಲ, ವಾಚು ನಡೀತಿರ್ಲಿ ಅಂತ."

"ಅವನ ಕೈಗೇನು ರೋಗ ಬಂದಿದೆ?"

ಲುಸಿಯೆನ್ ಬ್ರೆಡ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಆಮೇಲೆ ಹೇಳಿದ: "ನಿನಗೆ ಗೊತ್ತಿಲ್ವಾ? ಮಾರ್ಚಿಂದ ಎಡಗೈಲಿ ಒಂದು ಕವರ್ ಹಿಡಿಯಕ್ಕಾಗಲ್ಲ ಅವನಿಗೆ. ಗೇಟು ತೆಗಿಯೋದು, ಪಾರ್ಸೆಲ್ ಎತ್ತೋದು, ಎಲ್ಲಾ ನಾನೇ. ಯಾವಾಗ್ಲೂ ಜೇಬಲ್ಲೇ ಇಟ್ಕೊಂಡಿರ್ತಾನಲ್ಲ. ಒಂದೇ ಮನೇಲಿದ್ದೂ ನೋಡ್ಲಿಲ್ವಾ?"

ನೋಡಲಿಲ್ಲ. ವಾಚು ನೋಡಿದೆ. ಮೂರು ಸಲ ಬಿಚ್ಚಿ, ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡು, ವಾಚು ನೋಡಿದೆ.

ಅದೇ ದಿನ, ಸಂಜೆ

ಬಾಗಿಲಲ್ಲೇ ಗಾಸ್ಪಾರನ ಎಡಗೈ ಹಿಡಿದುಕೊಂಡೆ. ತೋಳು ಮೇಲೇರಿಸಿದೆ. ಹೆಬ್ಬೆರಳ ಬುಡದಲ್ಲಿ ಮಾಂಸವೇ ಇಲ್ಲ, ಗುಳಿ ಬಿದ್ದಿದೆ. ದಿನಾ ಬೆಳಿಗ್ಗೆ ವಾಚು ಕಟ್ಟಿದ್ದು ಇದೇ ಕೈಗೆ. ಪಟ್ಟಿಯನ್ನು ಎರಡು ಸಲ ಬಿಗಿ ಮಾಡಿದ್ದೆ, ಚರ್ಮ ಹಿಗ್ಗಿತೆಂದು ಚರ್ಮದ ಅಂಗಡಿಯವನಿಗೆ ಬೈದಿದ್ದೆ.

"ಯಾಕೆ ಹೇಳ್ಲಿಲ್ಲ?"

"ಬೇಸಿಗೆ ಕಳಿದ್ಮೇಲೆ ಹೇಳೋಣ ಅಂದ್ಕೊಂಡಿದ್ದೆ. ಅಷ್ಟರಲ್ಲಿ ನೀನು ವಾಚಿನ ಸುದ್ದಿ ತಂದೆ. ಅಷ್ಟು ಖುಷಿ ನಿನಗೆ. ಮೂವತ್ತೈದು ವರ್ಷದ ದುಡಿಮೆ ತಂದು ಈ ಸತ್ತ ಕೈಗೆ ಕಟ್ತಿದ್ದೀಯ, ಏನಂತ ಹೇಳ್ಲಿ?"

ಕಪಾಳಕ್ಕೆ ಹೊಡೆಯಬೇಕೆನಿಸಿತು. ಅತ್ತುಬಿಟ್ಟೆ. ಅವನೇ ಒಲೆ ಹಚ್ಚಿ ಸೂಪು ಬಿಸಿ ಮಾಡಿದ, ಒಂದೇ ಕೈಯಲ್ಲಿ.

ಡಿಸೆಂಬರ್ 9

ಲೊಸಾನಿನ ದೊಡ್ಡಾಸ್ಪತ್ರೆಯಿಂದ ಬಂದೆವು. ಮೂರನೆಯ ಸಲ. ಇವತ್ತು ಹೆಸರು ಹೇಳಿದರು. ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಎಡಗೈ ಆಯಿತು, ಬಲಗೈ, ಕಾಲು, ಆಮೇಲೆ ನುಂಗುವುದು, ಉಸಿರು. ಮದ್ದಿಲ್ಲ.

"ಎಷ್ಟು ದಿನ?" ಎಂದು ನಾನೇ ಕೇಳಿದೆ. ಡಾಕ್ಟರ್ ಇನ್ನೂ ಚಿಕ್ಕವಳು. "ಒಬ್ಬೊಬ್ಬರಿಗೆ ಒಂದೊಂದು ಥರ" ಎಂದಳು. ಸೆಕೆಂಡಿನ ಹತ್ತನೇ ಒಂದು ಪಾಲಿಗೆ ಜಗಳವಾಡಿ ಬದುಕಿದವಳು ನಾನು. ಒಂದೊಂದು ಥರವಂತೆ.

ರೈಲಿನಲ್ಲಿ ಗಾಸ್ಪಾರ್ ನಿದ್ದೆ ಮಾಡಿದ. ಅಥವಾ ಕಣ್ಣು ಮುಚ್ಚಿಕೊಂಡಿದ್ದ.

ಜನವರಿ 12

ಕೆಲಸ ಬಿಟ್ಟ. ಅಂಚೆಯ ಟೋಪಿ ಲುಸಿಯೆನ್‌ಗೆ ಕೊಟ್ಟುಬಂದ.

ವಾಚು ಈಗ ಬಲಗೈಯಲ್ಲಿ. ನಾನು ಪ್ಲಾಸ್ಟಿಕ್ ವಾಚು ತಂದಿಟ್ಟೆ, ಹಗುರ, ಬ್ಯಾಟರಿ. "ಅದನ್ನ ನಾಯಿಗೆ ಕಟ್ಟು" ಎಂದ. ಚಿನ್ನದ್ದನ್ನು ಬಿಚ್ಚಲು ಬಿಡುವುದಿಲ್ಲ, ಮಲಗುವಾಗಲೂ ಇರಬೇಕು. ಬಲಗೈ ಚೆನ್ನಾಗಿದೆ. ಊಟ ಮಾಡುತ್ತಾನೆ, ಕೋಲು ಹಿಡಿಯುತ್ತಾನೆ, ಇಸ್ಪೀಟಿನಲ್ಲಿ ಲುಸಿಯೆನ್‌ನನ್ನು ಸೋಲಿಸುತ್ತಾನೆ. ವಾಚು ನಡೆಯುತ್ತಿದೆ.

"ನಡೀತಿದೆಯಾ?" ದಿನಾ ಎದ್ದ ತಕ್ಷಣ ಕೇಳುವುದು ಅದೇ.

"ನಡೀತಿದೆ."

"ಮತ್ತೆ? ನೀನು ಮಾಡಿದ್ದಲ್ವಾ."

ಫೆಬ್ರವರಿ 16. ಬೆಳಿಗ್ಗೆ

ನಿಂತಿದೆ. ನಾಲ್ಕು ಐವತ್ತಕ್ಕೆ.

ಅವನು ನಿದ್ದೆಯಲ್ಲಿದ್ದ. ಹಾಗೇ ಬಗ್ಗಿ, ಕೈಯಿಂದ ಬಿಚ್ಚದೆ, ಗುಂಡಿ ಹಿಡಿದು ಕೀ ಕೊಟ್ಟೆ. ಇಪ್ಪತ್ತು ಸುತ್ತು. ಮುಳ್ಳು ಸರಿಯಾದ ಗಂಟೆಗೆ ತಿರುಗಿಸಿದೆ. ಎದ್ದ ಮೇಲೆ ಕೇಳಿದ. ನಡೀತಿದೆ ಎಂದೆ. ನಕ್ಕ.

ಇದನ್ನೇ ಮಾಡಿದ ಲುಸಿಯೆನ್‌ಗೆ ಎಂಥೆಂಥ ಮಾತು ಅಂದಿದ್ದೆ.

ಫೆಬ್ರವರಿ 27

ದಿನಾ ಕೀ ಕೊಡುತ್ತಿದ್ದೇನೆ. ಚಮಚ ಎರಡು ಸಲ ಕೆಳಗೆ ಬಿತ್ತು. ಇಬ್ಬರೂ ನೋಡಲಿಲ್ಲ.

ಮಾರ್ಚ್ 9, ಭಾನುವಾರ

ಕಿಟಕಿ ಪಕ್ಕ ಕೂರಿಸಿದ್ದೆ. ಸರೋವರದ ಮಂಜುಗಡ್ಡೆ ಅಂಚಿನಲ್ಲಿ ಒಡೆಯುತ್ತಿತ್ತು. ಮಾತು ಈಗ ಸ್ವಲ್ಪ ತೊದಲು, ಆದರೂ ನನಗೆ ತಿಳಿಯುತ್ತದೆ.

"ಎಡ್ಮೆ. ಬೆಳಿಗ್ಗೆ ಕೀ ಕೊಡ್ತೀಯ. ನಾನು ಎದ್ದೇ ಇರ್ತೀನಿ."

ಅವನ ಕಾಲಿನ ಮೇಲಿನ ಹೊದಿಕೆ ಸರಿಮಾಡಿದೆ.

"ಎಷ್ಟು ದಿನದಿಂದ?"

"ಮೂರು ವಾರ."

"ನಾನು ಎರಡು ಅಂದ್ಕೊಂಡಿದ್ದೆ." ವಾಚಿನ ಕಡೆ ನೋಡಿದ. "ನಾಳೆಯಿಂದ ಬೇಡ. ಈ ಕೈಲಿ ಎಷ್ಟು ಉಳಿದಿದೆ ಅಂತ ನನಗೂ ಗೊತ್ತಾಗ್ಲಿ."

"ಗೊತ್ತಾಗಿ ಏನ್ ಮಾಡ್ತೀಯ?"

"ಏನೂ ಇಲ್ಲ. ನಾನು ನಿನಗೆ ಸುಳ್ಳು ಹೇಳಿದ್ದಾಯ್ತು, ನೀನು ನನಗೆ ಹೇಳಿದ್ದಾಯ್ತು. ಇನ್ನು ಸಾಕು ಕಣೇ."

ಆಗಲಿ ಎಂದೆ. ಮಾತು ಕೊಟ್ಟಿದ್ದೇನೆ.

ಮಾರ್ಚ್ 12. ಬೆಳಿಗ್ಗೆ 6:20

ಮೂರನೆಯ ದಿನ. ಕೀ ಕೊಟ್ಟಿಲ್ಲ. ಅಡುಗೆಮನೆಯಲ್ಲಿ ಕೂತಿದ್ದೇನೆ, ಕಾಫಿ ಆರಿದೆ. ನಿನ್ನೆ ಬೆಳಿಗ್ಗೆ ತಾನೇ ಕೈಯನ್ನು ಎದೆಯ ತನಕ ಎತ್ತಿಕೊಂಡು ನೋಡಿದ್ದ, "ನಡೀತಿದೆ ಕಣೇ" ಎಂದಿದ್ದ. ಮಗುವಿನ ಹಾಗೆ.

ಎದ್ದ ಸದ್ದು. ಕರೆಯುತ್ತಿದ್ದಾನೆ. ಬಾಗಿಲಿನಿಂದ ಕಾಣುತ್ತದೆ— ಕಣ್ಣು ತೆರೆದಿದ್ದಾನೆ. ಬಲಗೈ ಹೊದಿಕೆಯ ಮೇಲಿದೆ, ಅದನ್ನೇ ನೋಡುತ್ತಿದ್ದಾನೆ. ಎತ್ತುವುದಕ್ಕೆ ನೋಡುತ್ತಿದ್ದಾನೆ. ಬೆರಳು ಮಾತ್ರ ಅಲುಗುತ್ತಿದೆ.

"ಎಡ್ಮೆ, ಗಂಟೆ ಎಷ್ಟಾಯ್ತು ನೋಡೇ" ಅಂತ ನನ್ನನ್ನು ಕೇಳುತ್ತಿದ್ದಾನೆ. ಹೋಗುತ್ತೇನೆ, ನಿಂತಿದ್ದರೆ ನಿಂತಿದೆ ಎಂದೇ ಹೇಳಬೇಕು.