ಅಮ್ಮ ಎರಡು ಸಲ ಎರೆದ ಧಾರೆ

ಮೇ 18, ಭಾನುವಾರ. ಮಾಯಸಂದ್ರ, ಅತ್ತೆಯ ಮನೆ.

ಮದುವೆ ಮುಗಿಯಿತು. ನಾನೇ ಅಲ್ಲಿರಲಿಲ್ಲವೇನೋ ಅನ್ನಿಸುತ್ತಿದೆ. ಬೆಳಗ್ಗೆಯೇ ವನಜಾಕ್ಷಿ ಚಿಕ್ಕಮ್ಮ ಹೇಳಿದ್ದರು: "ಬಂದೋರ ಚಿಂತೆ ನಮಗೆ ಬುಡು. ಧಾರೇಲಿ ಕೈಲಿರೋ ಕಾಯಿ ನೋಡ್ಕಂಡು ಸುಮ್ನೆ ನಿಂತ್ಕೊ ಕಣೇ."

ನಿಂತೆನೇ? ನಮ್ಮ ಕೈಯಲ್ಲಿದ್ದ ಕಾಯಿಯ ಮೇಲೆ ಅಮ್ಮ ಹಾಲು ಹುಯ್ಯುವಾಗ, ಹಂದನಕೆರೆಯಿಂದ ಬಸ್ಸಿನಲ್ಲಿ ಹೊರಟಿದ್ದ ನೆಂಟರು ಬಂದರೋ ಇಲ್ಲವೋ ಎಂದು ಛತ್ರದ ಬಾಗಿಲು ನೋಡುತ್ತಿದ್ದೆ. ಅಮ್ಮ ನನ್ನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ತಿರುಗುವಷ್ಟರಲ್ಲಿ ಫೋಟೊದವನು, "ಅಮ್ಮಾ, ಇನ್ನೊಂದ್ಸಲ ಹುಯ್ರಿ, ಹುಡುಗಿ ಆ ಕಡೆ ನೋಡ್ತಿದ್ರು" ಎಂದ. ಅಮ್ಮ ಕ್ಯಾಮೆರಾ ನೋಡಿ ನಗುತ್ತಾ ಮತ್ತೆ ಹುಯ್ದಳು. ಆಲ್ಬಮ್ಮಿನಲ್ಲಿ ಉಳಿಯುವುದು ಅದೇ.

ಕಾರು ಹತ್ತುವಾಗ ಕೇಳಿದೆ, "ಆಗ ಏನಂದೆ ಅಮ್ಮ?"

"ಏನೋ ಅಂದೆ ಬುಡು. ಈಗ ಬಾಯಿಗೆ ಬರಲ್ಲ ಕಣೇ" ಎಂದು ಸೆರಗನ್ನು ಬಾಯಿಗೊತ್ತಿಕೊಂಡಳು.

ಪಕ್ಕದಲ್ಲಿ ನಾದಿನಿ ನಿದ್ದೆ ಹೋಗಿದ್ದಾಳೆ. ಧಾರೆಯ ಕಾಯಿಯನ್ನು ನನ್ನ ಜೊತೆಯಲ್ಲೇ ಕಳಿಸಿದ್ದಾರೆ, ನಮ್ಮ ಬಾವಿ ಪಕ್ಕದ ಮರದ್ದು. ಜುಟ್ಟಿನಲ್ಲಿ ಹಾಲು ಒಣಗಿ ಅಂಟಂಟಾಗಿದೆ. ಬರೆದಿದ್ದು ಸಾಕು, ಅದನ್ನು ಹಿಡಿಯಲು ಎರಡೂ ಕೈ ಬೇಕು. ಅಮ್ಮ, ಈಗ ಬಾಗಿಲ ಕಡೆ ನೋಡುವುದಿಲ್ಲ, ಹೇಳು